ಮಕ್ಕಳ ಪ್ರಶ್ನೆಯೂ ಯಂತ್ರದ ಉತ್ತರವೂ

ಹೈಸ್ಕೂಲಿನ ಸ್ಮರಣ ಸಂಚಿಕೆಯಲ್ಲಿ ಒಂದನೆಯ, ಎರಡನೆಯ ತರಗತಿಯ ಮಕ್ಕಳ ಮಾತನ್ನೆತ್ತುವುದು ಕೆಲವರಿಗೆ ಅಪ್ರಸ್ತುತವಾಗಿ ತೋರಬಹುದು. ಆದರೆ ಈ ಸಂಚಿಕೆಯನ್ನು ಓದತಕ್ಕವರು ಯಾರು? ಇಲ್ಲಿ ಓದಿ ಹೋಗಿ ಈಗ ಗೃಹಿಣಿಯರೂ, ಉಪಾಧ್ಯಾಯಿನಿಯರೂ, ದಾದಿಯರೂ, ವೈದ್ಯರೂ, ಉದ್ಯೋಗಸ್ಥರೂ ಆಗಿರುವ ಹಳೆಯ ವಿದ್ಯಾರ್ಥಿನಿಯರು. ಮತ್ತು ಇಂದಿನ ವಿದ್ಯಾರ್ಥಿನಿಯರ ತಂದೆತಾಯಿಗಳು. ಇವರಲ್ಲಿ ಬಹುಮಂದಿಯ ಮನೆಯಲ್ಲಿ ಹತ್ತು ವರ್ಷದೊಳಗಿನ ಮಗುವೊಂದು, ಮಗಳೋ ಮೊಮ್ಮಗಳೋ ತಂಗಿಯೋ, ಇದ್ದೇ ಇರುವುದು. ಆ ಮಗುವು ದಿನವೂ ಕೇಳುವ ಪ್ರಶ್ನೆಗಳ ಗತಿಯೇನಾಗುವುದು ಎಂಬುದೇ ಈ ಲೇಖನದ ವಿಷಯವು. ಅದೂ ಅಲ್ಲದೆ, ಹೈಸ್ಕೂಲಿನಲ್ಲಿ ಪಾಠ ಹೇಳುವವರೆಲ್ಲರೂ ಬಲ್ಲ ಸಂಗತಿಯೊಂದುಂಟು. ಪಾಠವು ಮುಗಿದ ಬಳಿಕ "ಏನಾದರೂ ಸಂದೇಹವಿದೆಯೆ?" ಎಂದು ಕೇಳಿದರೆ ತರಗತಿಗೆ ತರಗತಿಯೇ ತಲೆ ತಗ್ಗಿಸಿಕೊಂಡು ಕುಳಿತಿರುತ್ತದೆ. ಹದಿಮೂರು ವರ್ಷದ ಹುಡುಗಿಯ ಈ ಮೌನವು ಆ ದಿನ ಹುಟ್ಟಿದ್ದಲ್ಲ. ಏಳೆಂಟು ವರ್ಷಗಳಿಂದ ಅಭ್ಯಾಸವಾಗಿ ಬಂದದ್ದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಆದಕಾರಣ ಚಿಕ್ಕ ಮಕ್ಕಳ ಕುತೂಹಲದ ವಿಚಾರವು ದೊಡ್ಡ ಶಾಲೆಗೆ ಸೇರಿದ್ದೇ ಸರಿ.

ಈ ಹಳೆಯ ವಿಚಾರಕ್ಕೆ ಈಚೆಗೆ ಒಂದು ಹೊಸ ತೊಡಕು ಸೇರಿಕೊಂಡಿದೆ. 2022ನೆಯ ಇಸವಿಯ ನವೆಂಬರ್ 30ರಂದು ಅಮೆರಿಕೆಯ ಓಪನ್‌ಎಐ ಎಂಬ ಸಂಸ್ಥೆಯವರು ಚಾಟ್‌ಜಿಪಿಟಿ ಎಂಬುದನ್ನು ಲೋಕದ ಮುಂದಿಟ್ಟರು. ಅದುವರೆಗೆ ವಿದ್ವಾಂಸರ ಪ್ರಯೋಗಶಾಲೆಗಳಲ್ಲಿ ಹೆಚ್ಚಾಗಿ ಕೇಳಿಬರುತ್ತಿದ್ದ ಕೃತಕ ಬುದ್ಧಿಮತ್ತೆಯ ಮಾತು ಈಗ ಅಡಿಗೆಮನೆಯ ಕಟ್ಟೆಯ ಮೇಲಿಟ್ಟ ಫೋನಿನೊಳಕ್ಕೆ ಬಂದು ಕುಳಿತಿದೆ. ಇಂಥ ಯಂತ್ರವು ಮಾಡುವ ಕೆಲಸವೇನೆಂಬುದನ್ನು ಸರಳವಾಗಿ ಹೀಗೆ ಹೇಳಬಹುದು: ಅಸಂಖ್ಯಾತ ಪುಸ್ತಕ, ಪತ್ರಿಕೆ, ಲೇಖನಗಳ ಮಾತುಗಳನ್ನು ಅದಕ್ಕೆ ಉಣಿಸಿ, ಒಂದು ಮಾತಿನ ಬಳಿಕ ಯಾವ ಮಾತು ಬರುವುದು ಸಂಭವವೆಂದು ಎಣಿಸುವ ಅಭ್ಯಾಸವನ್ನು ಮಾಡಿಸಿದ್ದಾರೆ. ನಾವು ಪ್ರಶ್ನೆ ಕೇಳಿದೊಡನೆ ಆ ಎಣಿಕೆಯ ಬಲದಿಂದ ಮಾತುಗಳನ್ನು ಪೋಣಿಸಿ ಉತ್ತರವನ್ನು ಕೊಡುತ್ತದೆ. ಉತ್ತರವು ಬಹಳ ಸಲ ಸರಿಯಾಗಿರುತ್ತದೆ. ಕೆಲವು ಸಲ ತಪ್ಪಾಗಿರುತ್ತದೆ. ಆದರೆ ಸರಿಯಾದದ್ದನ್ನೂ ತಪ್ಪಾದದ್ದನ್ನೂ ಒಂದೇ ಧೈರ್ಯದಿಂದ ನುಡಿಯುತ್ತದೆ.

ಇದು ಮನೆಯ ಮಾತಾಗಿ ಮಾತ್ರ ಉಳಿದಿಲ್ಲ. 2026-27ನೆಯ ಶೈಕ್ಷಣಿಕ ವರ್ಷದಿಂದ ಮೂರನೆಯ ತರಗತಿ ಮೊದಲ್ಗೊಂಡು ಕೃತಕ ಬುದ್ಧಿಮತ್ತೆಯನ್ನು ಪಾಠಕ್ರಮದಲ್ಲಿ ಸೇರಿಸುವುದಾಗಿ ಕೇಂದ್ರ ಸರ್ಕಾರದ ಶಿಕ್ಷಣ ಸಚಿವಾಲಯದವರು 2025ರ ಅಕ್ಟೋಬರಿನಲ್ಲಿ ಪ್ರಕಟಿಸಿದರು. ಮೂರನೆಯ ತರಗತಿಯ ಮಗುವೆಂದರೆ ಎಂಟು ವರ್ಷದ ಮಗು. ಆದುದರಿಂದ ಯಂತ್ರವು ಬೇಕೆ ಬೇಡವೆ ಎಂಬ ಚರ್ಚೆಗೆ ಈಗ ಹೆಚ್ಚು ಪ್ರಯೋಜನವಿಲ್ಲ. ಅದು ಮಗುವಿನ ಕುತೂಹಲಕ್ಕೆ ಆಹಾರವಾಗಬೇಕೆ, ಅಥವಾ ಕುತೂಹಲವನ್ನೇ ಆಹುತಿ ತೆಗೆದುಕೊಳ್ಳಬೇಕೆ ಎಂಬುದೇ ನಿಜವಾದ ಪ್ರಶ್ನೆ. ಇದನ್ನು ತೀರ್ಮಾನಿಸತಕ್ಕವರು ಸಚಿವಾಲಯದವರಲ್ಲ, ಯಂತ್ರವನ್ನು ಮಾಡಿದವರೂ ಅಲ್ಲ. ಮಗುವಿನ ಸಮೀಪದಲ್ಲಿರುವ ತಾಯಿಯೂ ಉಪಾಧ್ಯಾಯಿನಿಯೂ ಎಂಬುದೇ ನನ್ನ ಅಭಿಪ್ರಾಯ.

ಮೊದಲು ಕುತೂಹಲದ ಸ್ವಭಾವವನ್ನು ನೋಡೋಣ. ಬಾರ್ಬರಾ ಟಿಜಾರ್ಡ್ ಮತ್ತು ಮಾರ್ಟಿನ್ ಹ್ಯೂಸ್ ಎಂಬ ವಿದ್ವಾಂಸರು ಇಂಗ್ಲೆಂಡಿನಲ್ಲಿ ನಾಲ್ಕು ವರ್ಷದ ಆಸುಪಾಸಿನ 30 ಮಂದಿ ಹೆಣ್ಣುಮಕ್ಕಳ ಮಾತುಗಳನ್ನು ಮನೆಯಲ್ಲಿಯೂ ಶಿಶುವಿಹಾರದಲ್ಲಿಯೂ ಧ್ವನಿಮುದ್ರಣ ಮಾಡಿ ಪರೀಕ್ಷಿಸಿ, 1984ರಲ್ಲಿ ಆ ವಿಷಯವಾಗಿ ಗ್ರಂಥವೊಂದನ್ನು ಪ್ರಕಟಿಸಿದರು. ಆ ಮಕ್ಕಳು ಮನೆಯಲ್ಲಿ ತಾಯಿಯನ್ನು ಗಂಟೆಗೆ ಸರಾಸರಿ 26 ಪ್ರಶ್ನೆ ಕೇಳುತ್ತಿದ್ದರು. ಅದೇ ಮಕ್ಕಳು ಶಿಶುವಿಹಾರದಲ್ಲಿ ಉಪಾಧ್ಯಾಯಿನಿಯನ್ನು ಕೇಳುತ್ತಿದ್ದದ್ದು ಗಂಟೆಗೆ ಕೇವಲ 2. ಮಗು ಅದೇ, ನಾಲಗೆ ಅದೇ. ಸ್ಥಳ ಮಾತ್ರ ಬೇರೆ. ಇದರಿಂದ ಉಪಾಧ್ಯಾಯಿನಿಯರನ್ನು ದೂಷಿಸುವುದು ನ್ಯಾಯವಲ್ಲ. ನಲವತ್ತು ಮಕ್ಕಳ ನಡುವೆ ಒಬ್ಬಳೇ ನಿಂತವಳು ಒಂದೊಂದು ಮಗುವಿನ ಇಪ್ಪತ್ತಾರು ಪ್ರಶ್ನೆಗಳಿಗೆ ಉತ್ತರ ಕೊಡಲು ಹೊರಟರೆ ಪಾಠವೆಂಬುದು ನಡೆಯಲಾರದು. ಆದರೆ ಒಂದು ಸಂಗತಿ ಮಾತ್ರ ಸ್ಪಷ್ಟವಾಗುತ್ತದೆ. ಪ್ರಶ್ನೆಯು ಒಬ್ಬ ಮನುಷ್ಯನ ಸಾಮೀಪ್ಯದಲ್ಲಿ ಹುಟ್ಟುತ್ತದೆ. ಅಕ್ಕಿ ಆರಿಸುವಾಗ, ಬಟ್ಟೆ ಹಿಂಡುವಾಗ, ತಲೆ ಬಾಚುವಾಗ, ಬಸ್ಸಿಗೆ ಕಾಯುವಾಗ, ಕೇಳಿಸಿಕೊಳ್ಳುವವರು ಪಕ್ಕದಲ್ಲಿದ್ದಾರೆಂಬ ಭರವಸೆಯಿಂದ ಹುಟ್ಟುತ್ತದೆ.

ನಮ್ಮ ನಾಡಿನಲ್ಲಿ ಹೆಣ್ಣುಮಕ್ಕಳಿಗೆ ಇನ್ನೊಂದು ತಡೆಯೂ ಉಂಟು. "ಹೆಣ್ಣುಮಗುವಿಗೆ ಇಷ್ಟು ಬಾಯಿ ಏಕೆ?" ಎಂಬ ಮಾತು ಇಂದಿಗೂ ಎಷ್ಟೋ ಮನೆಗಳಲ್ಲಿ ಕೇಳಿಬರುವುದುಂಟು. ಹುಡುಗನು ಕೇಳಿದರೆ ಚೂಟಿಯಾಗಿದ್ದಾನೆಂದೂ, ಹುಡುಗಿ ಕೇಳಿದರೆ ವಾಚಾಳಿಯೆಂದೂ ಎಣಿಸುವ ಮನೆಯಲ್ಲಿ ಆ ಹುಡುಗಿ ಬಹು ಬೇಗ ತನ್ನ ಪಾಠವನ್ನು ಕಲಿತುಬಿಡುತ್ತಾಳೆ. ಅದು ಬಾಯಿ ಮುಚ್ಚಿಕೊಂಡಿರುವ ಪಾಠ. ಹೆಣ್ಣುಮಕ್ಕಳಿಗಾಗಿಯೇ ಸ್ಥಾಪಿತವಾದ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದ ಅಗತ್ಯವಿಲ್ಲ.

ಈ ದೃಷ್ಟಿಯಿಂದ ನೋಡಿದರೆ ಯಂತ್ರದ ಪಕ್ಷದಲ್ಲಿ ಹೇಳತಕ್ಕ ಮಾತು ಅಲ್ಪವಲ್ಲ. ಅದಕ್ಕೆ ಬೇಸರವಿಲ್ಲ. ಹತ್ತನೆಯ ಸಲ ಕೇಳಿದರೂ ಗದರಿಸುವುದಿಲ್ಲ, ಹುಡುಗಿಯೆಂದು ಹೀಯಾಳಿಸುವುದಿಲ್ಲ. ಅಕ್ಷರ ಬಾರದ ತಾಯಿಯೂ ಬಾಯಿಮಾತಿನಲ್ಲಿ ಕೇಳಿ ಬಾಯಿಮಾತಿನಲ್ಲಿಯೇ ಉತ್ತರ ಪಡೆಯಬಹುದು. ಹಿಂದೆ ಪುಸ್ತಕವಿದ್ದ ಮನೆಗೆ ಮಾತ್ರ ದೊರೆಯುತ್ತಿದ್ದ ಜ್ಞಾನವು ಫೋನಿದ್ದ ಮನೆಗೂ ದೊರೆಯುವಂತಾಗಿದೆ. ಕನ್ನಡದ ಮಕ್ಕಳ ಕುತೂಹಲವನ್ನು ತಣಿಸಬೇಕೆಂದು ಶಿವರಾಮ ಕಾರಂತರು 1936ರಲ್ಲಿಯೇ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಹೊರತಂದರು. ಅದಕ್ಕೂ ಮೊದಲು, 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕಿಟ್ಟೆಲರ ಕನ್ನಡ-ಇಂಗ್ಲಿಷು ನಿಘಂಟು ಹೊರಟಿತು. ಇವೂ ಉತ್ತರ ಕೊಡುವ ಸಾಧನಗಳೇ. ಹೊಸ ಸಾಧನ ಬಂದಿತೆಂದ ಮಾತ್ರಕ್ಕೆ ಹೆದರುವುದು ವಿವೇಕವಲ್ಲ.

ಆದರೂ ನಿಘಂಟಿಗೂ ಈ ಯಂತ್ರಕ್ಕೂ ಒಂದು ಮುಖ್ಯವಾದ ಭೇದವಿದೆ. ನಿಘಂಟನ್ನು ತೆರೆದವಳು ಹುಡುಕಬೇಕಾಗುತ್ತದೆ. ಹುಡುಕುವಾಗ ಬೇರೆ ನಾಲ್ಕು ಪದಗಳು ಕಣ್ಣಿಗೆ ಬಿದ್ದು ಹೊಸ ಪ್ರಶ್ನೆಗಳು ಹುಟ್ಟುತ್ತವೆ. ಯಂತ್ರವು ಪ್ರಶ್ನೆಗೂ ಉತ್ತರಕ್ಕೂ ನಡುವಣ ಅವಕಾಶವನ್ನೇ ಇಲ್ಲದಂತೆ ಮಾಡುತ್ತದೆ. ಕುತೂಹಲವು ವಾಸಮಾಡುವುದು ಆ ಅವಕಾಶದಲ್ಲಿಯೇ. ಮಗುವು ಊಹಿಸುವುದು, ಮುಟ್ಟಿನೋಡುವುದು, ತಪ್ಪಿ ಪುನಃ ನೋಡುವುದು, ಗೆಳತಿಯೊಡನೆ ವಾದಿಸುವುದು, ಇವೆಲ್ಲ ನಡೆಯುವುದು ಉತ್ತರ ಇನ್ನೂ ಬಾರದಿರುವ ಹೊತ್ತಿನಲ್ಲಿ.

ಇದು ಬರಿಯ ಊಹೆಯ ಮಾತಲ್ಲ. ಅಮೆರಿಕೆಯಲ್ಲಿ ಎಲಿಜಬೆತ್ ಬೊನಾವಿಟ್ಸ್ ಮತ್ತು ಅವರ ಸಹೋದ್ಯೋಗಿಗಳು ಶಾಲೆಗೆ ಸೇರುವ ಮುನ್ನಿನ ವಯಸ್ಸಿನ ಮಕ್ಕಳಿಗೆ ಒಂದು ವಿಚಿತ್ರವಾದ ಆಟದ ಸಾಮಾನನ್ನು ಕೊಟ್ಟು ಪರೀಕ್ಷಿಸಿದ ವರದಿಯು 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದು ಕಡೆ ಎಳೆದರೆ ಕೀರಲು ಸದ್ದು, ಒಂದು ಕಡೆ ದೀಪ, ಒಂದು ಕಡೆ ಸಂಗೀತ, ಇನ್ನೊಂದು ಕಡೆ ಕನ್ನಡಿ, ಹೀಗೆ ನಾಲ್ಕು ಚಮತ್ಕಾರಗಳಿದ್ದವು. ಕೆಲವು ಮಕ್ಕಳಿಗೆ ಹಿರಿಯರೊಬ್ಬರು ಕಲಿಸುವವರಂತೆ ಸದ್ದು ಮಾಡುವ ಭಾಗವನ್ನು ತೋರಿಸಿಕೊಟ್ಟರು. ಬೇರೆ ಮಕ್ಕಳೆದುರಿಗೆ ಆ ಸದ್ದು ಆಕಸ್ಮಿಕವಾಗಿ ಆದಂತೆ ನಟಿಸಿದರು. ಕಲಿಸಿಕೊಟ್ಟ ಮಕ್ಕಳು ಆ ಒಂದನ್ನೇ ಮಾಡುತ್ತ ಹೆಚ್ಚು ಹುಡುಕದೆ ಬಿಟ್ಟುಬಿಟ್ಟರು. ಉಳಿದವರು ಹೆಚ್ಚು ಹೊತ್ತು ತಡಕಾಡಿ ಹೆಚ್ಚು ಗುಟ್ಟುಗಳನ್ನು ಕಂಡುಹಿಡಿದರು. ಬಲ್ಲವರು ಹೇಳಿಬಿಟ್ಟರೆಂದ ಮೇಲೆ ಹೇಳದೆ ಉಳಿದದ್ದು ಏನೂ ಇಲ್ಲವೆಂದು ಮಗುವು ನಂಬುತ್ತದೆ. ಒಳ್ಳೆಯ ಉಪಾಧ್ಯಾಯಿನಿಯ ಉತ್ತರಕ್ಕೇ ಈ ಅಪಾಯವಿರುವಾಗ, ಎಲ್ಲವನ್ನೂ ಬಲ್ಲಂತೆ ಮಾತನಾಡುವ ಯಂತ್ರದ ಉತ್ತರಕ್ಕೆ ಎಷ್ಟಿರಬೇಡ?

ದೊಡ್ಡ ಮಕ್ಕಳಲ್ಲಿಯೂ ಇಂಥದೇ ಅನುಭವ ಬಂದಿದೆ. ತುರ್ಕಿ ದೇಶದ ಒಂದು ಹೈಸ್ಕೂಲಿನಲ್ಲಿ ಸುಮಾರು ಒಂದು ಸಾವಿರ ವಿದ್ಯಾರ್ಥಿಗಳಿಗೆ ಗಣಿತದ ಅಭ್ಯಾಸಕ್ಕಾಗಿ ಕೃತಕ ಬುದ್ಧಿಮತ್ತೆಯನ್ನು ಎರಡು ವಿಧವಾಗಿ ಕೊಟ್ಟು ನೋಡಿದರು. ವರದಿಯು 2024ರಲ್ಲಿ ಹೊರಬಂದಿತು. ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರ ಕೊಡುವ ಯಂತ್ರವಿದ್ದವರು ಅಭ್ಯಾಸದ ವೇಳೆಯಲ್ಲಿ ಇತರರಿಗಿಂತ ಶೇಕಡ 48ರಷ್ಟು ಮುಂದಾದರು. ಯಂತ್ರವನ್ನು ತೆಗೆದು ಪರೀಕ್ಷೆಗೆ ಕೂರಿಸಿದಾಗ ಯಂತ್ರವನ್ನೇ ಕಾಣದವರಿಗಿಂತ ಶೇಕಡ 17ರಷ್ಟು ಹಿಂದೆ ಬಿದ್ದರು. ಉಪಾಧ್ಯಾಯರು ಸಿದ್ಧಪಡಿಸಿಕೊಟ್ಟ ಸೂಚನೆಗಳಂತೆ, ಉತ್ತರವನ್ನು ಹೇಳದೆ ಸುಳುಹುಗಳನ್ನು ಮಾತ್ರ ಕೊಡುವ ಯಂತ್ರವಿದ್ದವರಿಗೆ ಈ ಹಾನಿ ಬಹುಮಟ್ಟಿಗೆ ತಪ್ಪಿತು. ಯಂತ್ರದ ಮೂಲವು ಒಂದೇ. ಅದರಿಂದ ಯಾವ ಕೆಲಸ ಮಾಡಿಸಿದರೆಂಬುದರಲ್ಲಿ ಭೇದ.

ಇನ್ನು ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದ ಪ್ರಯತ್ನವು ಫ್ರಾನ್ಸ್ ದೇಶದ್ದು. ಅಲ್ಲಿಯ ಸಂಶೋಧಕರು 9-10 ವರ್ಷದ 75 ಮಂದಿ ಪ್ರಾಥಮಿಕ ಶಾಲೆಯ ಮಕ್ಕಳೊಡನೆ ನಡೆಸಿದ ಪ್ರಯೋಗದ ವರದಿಯನ್ನು 2023ರಲ್ಲಿ ಪ್ರಕಟಿಸಿದರು. ಅವರು ಯಂತ್ರವನ್ನು ಉತ್ತರ ಹೇಳುವುದಕ್ಕೆ ಉಪಯೋಗಿಸಲಿಲ್ಲ. ಮಕ್ಕಳು ಒಂದು ಪಾಠವನ್ನು ಓದಿದ ಬಳಿಕ ಹೊಸ ಪ್ರಶ್ನೆಗಳನ್ನು ತಾವೇ ರಚಿಸುವುದಕ್ಕೆ ಅನುಕೂಲವಾಗುವ ಸುಳುಹುಗಳನ್ನು ಸಿದ್ಧಪಡಿಸುವುದಕ್ಕೆ ಉಪಯೋಗಿಸಿದರು. ಯಂತ್ರದ ಸುಳುಹುಗಳಿಂದ ಮಕ್ಕಳು ಕುತೂಹಲದ ಪ್ರಶ್ನೆಗಳನ್ನು ಕೇಳಲು ಕಲಿಯುವರೆಂದು ಕಂಡುಬಂದಿತು. ಇಂಥ ಸುಳುಹುಗಳನ್ನು ಕೈಯಾರೆ ಬರೆಯಬೇಕಾದರೆ ಉಪಾಧ್ಯಾಯಿನಿಗೆ ಎಷ್ಟೋ ಗಂಟೆಗಳ ಶ್ರಮ. ಯಂತ್ರವು ಆ ಶ್ರಮವನ್ನು ಕಡಮೆಮಾಡುತ್ತದೆ.

ಇಲ್ಲಿಗೆ ನನ್ನ ಅಭಿಪ್ರಾಯವನ್ನು ಒಂದು ಮಾತಿನಲ್ಲಿ ಹೇಳಬಹುದು: ಚಿಕ್ಕ ಮಗುವಿನ ವಿಷಯದಲ್ಲಿ ಯಂತ್ರದಿಂದ ಉತ್ತರವನ್ನು ಪಡೆಯಬಾರದು, ಪ್ರಶ್ನೆಯನ್ನು ಪಡೆಯಬೇಕು, ಮತ್ತು ಅದನ್ನು ಪಡೆಯತಕ್ಕವರು ಹಿರಿಯರು, ಮಗುವಲ್ಲ.

ಒಂದು ದೃಷ್ಟಾಂತವನ್ನು ಕೊಡುವೆನು. ಏಳು ವರ್ಷದ ಮಗುವು ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದು, "ರಾತ್ರಿ ಹಾಲಾಗಿತ್ತು, ಈಗ ಮೊಸರು ಹೇಗಾಯಿತು?" ಎಂದು ಕೇಳುತ್ತದೆ. ಫೋನನ್ನು ಅದರ ಕೈಗೆ ಕೊಟ್ಟರೆ, ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುವುವು, ಆ ಆಮ್ಲದಿಂದ ಹಾಲಿನ ಪ್ರೋಟೀನು ಗಟ್ಟಿಯಾಗುವುದು ಎಂಬ ಉತ್ತರವು ಕ್ಷಣದಲ್ಲಿ ಬರುವುದು. ಉತ್ತರವೇನೋ ಸರಿಯೇ. ಮಗುವು "ಹೂಂ" ಎಂದು ಆಟಕ್ಕೆ ಓಡುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ಅದಕ್ಕೆ ಬದಲಾಗಿ ತಾಯಿಯು ತನ್ನ ಬಿಡುವಿನಲ್ಲಿ ಯಂತ್ರಕ್ಕೆ ಹೀಗೆ ಹೇಳಲಿ: "ಏಳು ವರ್ಷದ ಮಗುವು ಹಾಲು ಮೊಸರಾಗುವುದು ಹೇಗೆಂದು ಕೇಳಿದೆ. ಉತ್ತರವನ್ನು ಹೇಳಬೇಡ. ಮನೆಯಲ್ಲಿಯೇ ಮಾಡಿನೋಡಬಹುದಾದ ಮೂರು ಪರೀಕ್ಷೆಗಳನ್ನೂ ಮಗುವಿಗೆ ನಾನು ಕೇಳಬಹುದಾದ ಮೂರು ಪ್ರಶ್ನೆಗಳನ್ನೂ ಹೇಳು." ಆಗ ಯಂತ್ರವು ನಿಜವಾಗಿಯೂ ಉಪಕಾರಿಯಾಗುತ್ತದೆ. ಒಂದು ಬಟ್ಟಲ ಹಾಲಿಗೆ ಹೆಪ್ಪು ಹಾಕಿ, ಇನ್ನೊಂದಕ್ಕೆ ಹಾಕದೆ ಇಡುವುದು. ಹೆಪ್ಪು ಹಾಕಿದ ಎರಡು ಬಟ್ಟಲುಗಳಲ್ಲಿ ಒಂದನ್ನು ಒಲೆಯ ಸಮೀಪದ ಬೆಚ್ಚನೆಯ ಸ್ಥಳದಲ್ಲಿಯೂ ಒಂದನ್ನು ಫ್ರಿಜ್ಜಿನಲ್ಲಿಯೂ ಇಡುವುದು. ಕುದಿಯುವ ಹಾಲಿಗೇ ಹೆಪ್ಪು ಹಾಕಿದರೆ ಏನಾದೀತೆಂದು ಕೇಳುವುದು, ಇಂಥವು ಬರುತ್ತವೆ. ಯಾವುದು ಮೊಸರಾದೀತೆಂದು ಮಗುವು ಮಲಗುವ ಮುನ್ನ ಊಹಿಸಿ ಹೇಳಲಿ. ಮರುದಿನ ಅದು ಹಲ್ಲುಜ್ಜುವ ಮೊದಲೇ ಬಟ್ಟಲುಗಳ ಬಳಿಗೆ ಓಡುವುದನ್ನು ನೋಡಿದವರಿಗೆ ಕುತೂಹಲವೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಬ್ಯಾಕ್ಟೀರಿಯದ ಮಾತನ್ನು ಆಮೇಲೆ ಹೇಳಿದರೆ, ಅದು ತಾನು ಕಂಡದ್ದಕ್ಕೆ ಒಂದು ಹೆಸರಾಗಿ ಮಗುವಿನ ಮನಸ್ಸಿನಲ್ಲಿ ನಿಲ್ಲುವುದು. ಮುಟ್ಟಿದರೆ ಮುನಿಯು ಗಿಡವು ಎಲೆ ಮುಚ್ಚುವುದು, ಹಪ್ಪಳವು ಎಣ್ಣೆಯಲ್ಲಿ ಅರಳುವುದು, ಇರುವೆಗಳು ಸಾಲಾಗಿ ಹೋಗುವುದು, ಇವೆಲ್ಲಕ್ಕೂ ಇದೇ ಕ್ರಮವು ಸಲ್ಲುತ್ತದೆ.

ಶಾಲೆಯಲ್ಲಿಯೂ ಹೀಗೆಯೇ ಮಾಡಬಹುದು. ಮಾಡುತ್ತ ಕಲಿಯುವುದು ನಮ್ಮ ನಾಡಿಗೆ ಹೊಸದಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ 'ನಲಿ-ಕಲಿ'ಯು ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಮರುದಿನದ ಪಾಠಕ್ಕೆ ಮಕ್ಕಳನ್ನು ಯೋಚನೆಗೆ ಹಚ್ಚುವ ಪ್ರಶ್ನೆಗಳನ್ನು ಉಪಾಧ್ಯಾಯಿನಿಯು ಯಂತ್ರದ ಸಹಾಯದಿಂದ ಹಿಂದಿನ ಸಂಜೆಯೇ ಆರಿಸಿಕೊಂಡು ಬಂದರೆ, ತರಗತಿಯಲ್ಲಿ ಒಂದು ಫೋನೂ ಇಲ್ಲದೆ ಯಂತ್ರದ ಪ್ರಯೋಜನವೆಲ್ಲವೂ ಮಕ್ಕಳಿಗೆ ದೊರೆಯುವುದು.

ಇದರಲ್ಲಿ ಮೂರು ಎಚ್ಚರಿಕೆಗಳನ್ನು ಪಾಲಿಸತಕ್ಕದ್ದು. ಮೊದಲನೆಯದಾಗಿ, ಮಗುವನ್ನು ಯಂತ್ರದೊಡನೆ ಒಂಟಿಯಾಗಿ ಬಿಡಬಾರದು. ಯುನೆಸ್ಕೋ ಸಂಸ್ಥೆಯವರು 2023ರಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ ತರಗತಿಯಲ್ಲಿ ಇಂಥ ಯಂತ್ರದೊಡನೆ ಸಂಭಾಷಿಸಲು 13 ವರ್ಷದ ಕೆಳಮಿತಿಯಿರಬೇಕೆಂದು ಸೂಚಿಸಿದ್ದಾರೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಅವರ ವಿವರಗಳನ್ನು ಬಳಸಲು ತಂದೆತಾಯಿಗಳ ಸಮ್ಮತಿ ಬೇಕೆನ್ನುತ್ತದೆ. ಮಗುವಿನ ಹೆಸರು, ಭಾವಚಿತ್ರ, ಶಾಲೆ, ಮನೆಯ ಸಂಗತಿ, ಇವು ಯಾವುವನ್ನೂ ಯಂತ್ರಕ್ಕೆ ತಿಳಿಸಬೇಕಾದ ಅವಶ್ಯಕತೆಯಿಲ್ಲ.

ಎರಡನೆಯದಾಗಿ, ಯಂತ್ರವು ಹೇಳಿದ್ದನ್ನು ಪರೀಕ್ಷಿಸದೆ ಒಪ್ಪಬಾರದು. ಕನ್ನಡದಲ್ಲಂತೂ ಹೆಚ್ಚು ಎಚ್ಚರ ಬೇಕು. ಯಂತ್ರವು ಉಂಡ ಮಾತುಗಳಲ್ಲಿ ಇಂಗ್ಲಿಷಿನ ಪಾಲು ಬಹಳ, ಕನ್ನಡದ ಪಾಲು ಸ್ವಲ್ಪ. ನಮ್ಮ ಹಿತ್ತಿಲ ಗಿಡ, ನಮ್ಮ ಕೆರೆಯ ಹಕ್ಕಿ, ನಮ್ಮ ಅಡಿಗೆ, ಇವುಗಳ ವಿಷಯದಲ್ಲಿ ಅದು ತಪ್ಪುವುದಕ್ಕೆ ಅವಕಾಶ ಹೆಚ್ಚು. ಆದರೆ ಈ ತಪ್ಪನ್ನೂ ಪಾಠವಾಗಿ ಮಾಡಬಹುದು. "ಯಂತ್ರವು ಹೀಗೆನ್ನುತ್ತದೆ, ನಿಜವೋ ಅಲ್ಲವೋ ನೋಡೋಣ, ಅಜ್ಜಿಯನ್ನೂ ಕೇಳೋಣ" ಎಂದು ಹೇಳಿಸಿಕೊಂಡು ಬೆಳೆದ ಮಗುವು ಮುಂದೆ ಯಾರ ಮಾತಿಗೂ ಸುಲಭವಾಗಿ ಮೋಸಹೋಗುವುದಿಲ್ಲ.

ಮೂರನೆಯದಾಗಿ, ಅದು ಯಂತ್ರವೆಂಬುದನ್ನು ಮಗುವು ಮರೆಯದಂತೆ ನೋಡಿಕೊಳ್ಳಬೇಕು. 1966ರಲ್ಲಿ ಜೋಸೆಫ್ ವೈಜೆನ್‌ಬೌಮ್ ಎಂಬವರು ಎಲಿಜಾ ಎಂಬ ಅತಿ ಸರಳವಾದ ಸಂಭಾಷಣೆಯ ಯಂತ್ರಕ್ರಮವನ್ನು ಪ್ರಕಟಿಸಿದರು. ಅದು ನಾವಾಡಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿತ್ತು, ಅಷ್ಟೆ. ಆದರೂ ಅವರ ಕಾರ್ಯದರ್ಶಿಯೇ ಅದರೊಡನೆ ಮಾತಿಗೆ ತೊಡಗಿದಾಗ, ಅವರನ್ನು ಕೋಣೆಯಿಂದ ಹೊರಗೆ ಹೋಗುವಂತೆ ಕೇಳಿಕೊಂಡಳಂತೆ. ಬುದ್ಧಿ ಬಲಿತವರೇ ಹೀಗಾದರೆ ಆರು ವರ್ಷದ ಮಗುವಿನ ಪಾಡೇನು? ಯಂತ್ರಕ್ಕೆ ತಾಳ್ಮೆಯಿದೆಯೆಂದು ನಾವು ಹೊಗಳುತ್ತೇವೆ. ನಿಜವಾಗಿ ಅದು ತಾಳ್ಮೆಯಲ್ಲ. ದಣಿದಿದ್ದರೂ ಮಗುವಿಗಾಗಿ ದಣಿವನ್ನು ನುಂಗಿಕೊಳ್ಳುವವಳಲ್ಲಿ ಇರುವುದೇ ತಾಳ್ಮೆ. ದಣಿವನ್ನೇ ಅರಿಯದ ವಸ್ತುವಿನಲ್ಲಿ ಅದು ಹೇಗಿದ್ದೀತು?

"ಇದೆಲ್ಲಕ್ಕೂ ನಮಗೆ ವೇಳೆಯೆಲ್ಲಿದೆ?" ಎಂದು ಅನೇಕ ತಾಯಂದಿರು ಕೇಳಬಹುದು. ಈ ಆಕ್ಷೇಪಣೆಯು ನ್ಯಾಯವಾದದ್ದು. ಹೊರಗೂ ಒಳಗೂ ದುಡಿಯುವವಳಿಗೆ ಗಂಟೆಗೆ ಇಪ್ಪತ್ತಾರು ಪ್ರಶ್ನೆ ಹೊರೆಯೇ ಸರಿ. ಆದರೆ ಪ್ರತಿಯೊಂದಕ್ಕೂ ಉತ್ತರ ಕೊಡಬೇಕೆಂದು ಯಾರು ಹೇಳಿದರು? ಮಗುವಿಗೆ ಬೇಕಾದದ್ದು ಎಲ್ಲಕ್ಕೂ ಉತ್ತರವಲ್ಲ, ತನ್ನ ಪ್ರಶ್ನೆಗೆ ಮರ್ಯಾದೆ. ಅದಕ್ಕೆ ಒಂದು ಸುಲಭವಾದ ಉಪಾಯವುಂಟು. ಮನೆಯಲ್ಲಿ ಒಂದು ನೋಟುಬುಕ್ಕನ್ನು 'ಪ್ರಶ್ನೆಗಳ ಪುಸ್ತಕ'ವೆಂದು ಇಡಿರಿ. ಕೈ ಬಿಡುವಿಲ್ಲದಾಗ "ಒಳ್ಳೆಯ ಪ್ರಶ್ನೆ, ಬರೆದಿಡು" ಎನ್ನಿರಿ. ಬರೆಯಲು ಬಾರದ ಮಗುವು ಚಿತ್ರ ಬರೆಯಲಿ. ವಾರಕ್ಕೊಂದು ದಿನ, ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ, ತಂದೆಯೂ ಕೂಡ ಕುಳಿತು ಅದರಲ್ಲಿ ಒಂದೇ ಒಂದನ್ನು ಆರಿಸಿರಿ. ತಿಳಿಯದಿದ್ದರೆ "ನನಗೂ ಗೊತ್ತಿಲ್ಲ, ಕೂಡಿ ನೋಡೋಣ" ಎನ್ನಲು ನಾಚಬೇಡಿರಿ. ಹಿರಿಯರ ಬಾಯಿಂದ ಆ ಮಾತನ್ನು ಕೇಳಿದ ಮಗುವಿಗೆ, ತಿಳಿಯದಿರುವುದು ಅವಮಾನವಲ್ಲವೆಂಬುದು ಜನ್ಮಕ್ಕೆಲ್ಲ ಮನದಟ್ಟಾಗುತ್ತದೆ. ಇರುವ ಒಂದೇ ಫೋನನ್ನು ತಂದೆ ಕೆಲಸಕ್ಕೆ ತೆಗೆದುಕೊಂಡು ಹೋಗುವ ಮನೆಯಲ್ಲಿಯೂ ಈ ಪುಸ್ತಕಕ್ಕೆ ಅಡ್ಡಿಯಿಲ್ಲ. ಆ ಮನೆಯ ಮಗುವಿನ ಪ್ರಶ್ನೆಯನ್ನು ಶಾಲೆಯಲ್ಲಿ ಉಪಾಧ್ಯಾಯಿನಿಯು ಎತ್ತಿಕೊಳ್ಳಬಹುದು.

ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮಲ್ಲಿ ಅನೇಕರು ಈ ಯಂತ್ರಗಳನ್ನು ದಿನವೂ ಬಳಸುವ ಉದ್ಯೋಗದಲ್ಲಿದ್ದೀರಿ. ಶಾಲೆಗೆ ಕಾಣಿಕೆ ಕೊಡಬೇಕೆಂಬ ಅಪೇಕ್ಷೆ ನಿಮಗಿದ್ದರೆ, ಸಮೀಪದ ಪ್ರಾಥಮಿಕ ಶಾಲೆಯೊಂದರ ಉಪಾಧ್ಯಾಯಿನಿಯರೊಡನೆ ತಿಂಗಳಿಗೆ ಒಂದು ಸಂಜೆ ಕುಳಿತು, ಯಂತ್ರದಿಂದ ಪ್ರಶ್ನೆಗಳನ್ನು ಪಡೆಯುವ ಕ್ರಮವನ್ನು ಅವರಿಗೆ ತೋರಿಸಿಕೊಡಿರಿ. ಕನ್ನಡದಲ್ಲಿ ಬಂದ ತಪ್ಪುಗಳನ್ನು ಅವರೊಡನೆ ಕೂಡಿ ತಿದ್ದಿರಿ. ಗೋಡೆಯ ಮೇಲೆ ಹೆಸರು ಕೆತ್ತಿಸುವ ಕಾಣಿಕೆಗಿಂತ ಇದು ಕಡಮೆಯದಲ್ಲ.

ಕೆಲವು ವರ್ಷಗಳಲ್ಲಿ ಇಂದಿನ ಒಂದನೆಯ ತರಗತಿಯ ಹುಡುಗಿಯರು ಈ ಹೈಸ್ಕೂಲಿನ ಬಾಗಿಲಿಗೆ ಬರುವರು. ಅಷ್ಟು ಹೊತ್ತಿಗೆ ಯಂತ್ರಗಳು ಇನ್ನೂ ಜಾಣವಾಗಿರಬಹುದು, ಉತ್ತರಗಳು ಇನ್ನೂ ಅಗ್ಗವಾಗಿರಬಹುದು. ಆ ದಿನ ಉಪಾಧ್ಯಾಯಿನಿಯು ಸಂದೇಹವಿದೆಯೆ ಎಂದು ಕೇಳಿದಾಗ ಒಂದಾದರೂ ಕೈ ಮೇಲೇಳಬೇಕಾದರೆ, ಆ ಕೈಯನ್ನು ಎತ್ತುವ ಧೈರ್ಯವನ್ನು ಈಗಲೇ, ನಮ್ಮ ನಮ್ಮ ಮನೆಗಳಲ್ಲಿ, ಕೊಟ್ಟಿರಬೇಕು.